ಚುಕ್ಕಿಗಳನ್ನು ಓದುವುದು ಹೇಗೆ? ಸ್ಕ್ಯಾಟರ್ ಪ್ಲಾಟ್ ಮತ್ತು ಸಹಸಂಬಂಧ, ಮಂಡ್ಯದ ಲೆಕ್ಕದಲ್ಲಿ

ಮಂಡ್ಯ ಕಡೆಯ ಯಾವುದೇ ಆಲೆಮನೆಯ ಹತ್ತಿರ ಸ್ವಲ್ಪ ಹೊತ್ತು ನಿಂತರೆ ಇಂಥ ಮಾತುಗಳು ಕಿವಿಗೆ ಬೀಳುತ್ತವೆ. ಕಡಿದ ಕಬ್ಬು ಗದ್ದೆಯಲ್ಲಿ ಉಳಿದಷ್ಟೂ ಬೆಲ್ಲ ಕೆಡುತ್ತದೆ. ಜಲ್ಲೆ ದಪ್ಪ ಇದ್ದಷ್ಟೂ ತೂಕ ಜಾಸ್ತಿ. ಯೂರಿಯಾ ಸುರಿದಷ್ಟೂ ಭತ್ತ ಹುಲುಸು. ಮಾತು ಯಾವುದೇ ಇರಲಿ, ಎಲ್ಲದರ ಕಟ್ಟು ಒಂದೇ: ಒಂದು ಬದಲಾದಂತೆ ಇನ್ನೊಂದೂ ಬದಲಾಗುತ್ತದೆ. ಸಂಖ್ಯಾಶಾಸ್ತ್ರದಲ್ಲಿ ಇದಕ್ಕೆ ಸಹಸಂಬಂಧ ಅನ್ನುತ್ತಾರೆ. ಪಿಯುಸಿ ಓದಿದವರಿಗೆ ಈ ಹೆಸರು ನೆನಪಿರಬಹುದು. ಆರ್ ಎಂಬ ಸೂತ್ರವೂ ನೆನಪಿರಬಹುದು. ಮರೆತು ಹೋಗುವುದು ಮಾತ್ರ ಅದರ ಚುಕ್ಕಿಗಳ ಚಿತ್ರ, ಅಂದರೆ ಸ್ಕ್ಯಾಟರ್ ಪ್ಲಾಟ್. ನನ್ನ ಮಟ್ಟಿಗೆ ಮುಖ್ಯವಾದದ್ದು ಅದೇ.

ಚಿತ್ರ ಬರೆಯುವುದರಲ್ಲಿ ಯಾವ ಕಷ್ಟವೂ ಇಲ್ಲ. ಮೂವತ್ತು ರೈತರ ಕಬ್ಬಿನ ಲೆಕ್ಕ ನಿಮ್ಮ ಹತ್ತಿರ ಇದೆ ಅಂದುಕೊಳ್ಳಿ. ಒಬ್ಬೊಬ್ಬರಿಗೂ ಎರಡು ಅಂಕಿ: ಕಬ್ಬು ಕಡಿದು ಎಷ್ಟು ದಿನ ಆಯಿತು, ಅದರ ರಸದಲ್ಲಿ ಸಕ್ಕರೆ ಎಷ್ಟಿದೆ. ಹಾಳೆಯ ಮೇಲೆ ಒಂದು ಅಡ್ಡ ಗೆರೆ, ಒಂದು ನಿಂತ ಗೆರೆ ಎಳೆಯಿರಿ. ದಿನಗಳು ಅಡ್ಡ ಗೆರೆಗೆ, ಸಕ್ಕರೆ ನಿಂತ ಗೆರೆಗೆ. ಒಬ್ಬ ರೈತನಿಗೆ ಒಂದು ಚುಕ್ಕಿ. ಮೂವತ್ತು ಚುಕ್ಕಿ ಇಟ್ಟರೆ ಮುಗಿಯಿತು. ಚುಕ್ಕಿಗಳನ್ನು ಗೆರೆ ಎಳೆದು ಸೇರಿಸಬೇಡಿ. ಶಾಲೆಯ ಗ್ರಾಫ್ ಅಭ್ಯಾಸದಿಂದ ಕೈ ತಾನಾಗಿಯೇ ಆ ಕಡೆ ಹೋಗುತ್ತದೆ, ಆದರೆ ಇಲ್ಲಿ ಬೇಕಿರುವುದು ಒಟ್ಟು ಚುಕ್ಕಿಗಳ ಆಕಾರ.

ಮೊದಲು ದಿಕ್ಕು ನೋಡಿ

ಎಡದಿಂದ ಬಲಕ್ಕೆ ಕಣ್ಣು ಓಡಿಸಿ. ಚುಕ್ಕಿಗಳ ಗುಂಪು ಮೇಲಕ್ಕೆ ಹತ್ತುತ್ತಾ ಹೋದರೆ ಅದು ಧನಾತ್ಮಕ ಸಹಸಂಬಂಧ. ಒಂದು ಜಾಸ್ತಿಯಾದರೆ ಇನ್ನೊಂದೂ ಜಾಸ್ತಿ. ಎಕರೆಗೆ ಎಷ್ಟು ಜಲ್ಲೆ ನಿಂತಿವೆ ಮತ್ತು ಎಷ್ಟು ಟನ್ ತೂಗಿತು ಎಂಬ ಚಿತ್ರ ಸಾಮಾನ್ಯವಾಗಿ ಹೀಗೆ ಕಾಣುತ್ತದೆ.

ಗುಂಪು ಕೆಳಕ್ಕೆ ಇಳಿಯುತ್ತಾ ಹೋದರೆ ಋಣಾತ್ಮಕ. ನಾವು ಈಗ ಬರೆದ ಚಿತ್ರ ಈ ಜಾತಿಯದು. ಕಬ್ಬು ಕಡಿದ ಕೂಡಲೇ ಅದರೊಳಗಿನ ಸುಕ್ರೋಸ್, ಅಂದರೆ ನಾವು ಅಳೆದ ಸಕ್ಕರೆ, ಒಡೆದು ಗ್ಲೂಕೋಸ್, ಫ್ರಕ್ಟೋಸ್ ಆಗತೊಡಗುತ್ತದೆ. ಬಿಸಿಲು ಜೋರಿದ್ದರೆ ಇನ್ನೂ ಬೇಗ. ಹೀಗೆ ಒಡೆದ ಸಕ್ಕರೆ ಹರಳುಗಟ್ಟಲು ಬಿಡುವುದಿಲ್ಲ. ಹಳೇ ಕಬ್ಬಿನ ಪಾಕ ಅಚ್ಚಿನಲ್ಲಿ ಸರಿಯಾಗಿ ಗಟ್ಟಿಯಾಗದೆ ಆಲೆಮನೆಯವರನ್ನು ಕಾಡುವುದು ಇದಕ್ಕೇ. ದಿನ ಹೆಚ್ಚಿದಂತೆ ಸಕ್ಕರೆ ಕಮ್ಮಿ, ಚುಕ್ಕಿಗಳು ಇಳಿಜಾರು. ಋಣಾತ್ಮಕ ಅಂದ ತಕ್ಷಣ ಕೆಟ್ಟದ್ದು ಅಂತ ಅಲ್ಲ. ಹೆಲ್ಮೆಟ್ ಹಾಕುವವರು ಹೆಚ್ಚಿದಂತೆ ತಲೆಗೆ ಪೆಟ್ಟು ಬೀಳುವುದು ಕಡಿಮೆಯಾದರೆ ಅದೂ ಋಣಾತ್ಮಕವೇ.

ಇನ್ನು ಮೂರನೆಯದು. ಕಬ್ಬು ತಂದ ಲಾರಿಯ ನಂಬರಿನ ಕೊನೆಯ ಎರಡಂಕಿಗೂ ಅದರ ಲೋಡಿನ ತೂಕಕ್ಕೂ ಚಿತ್ರ ಬರೆಯಿರಿ. ಸಾಸಿವೆ ಚೆಲ್ಲಿದ ಹಾಗೆ ಚುಕ್ಕಿಗಳು ಹಾಳೆ ತುಂಬಾ ಹರಡಿಕೊಳ್ಳುತ್ತವೆ. ಸಹಸಂಬಂಧ ಇಲ್ಲ.

ಬಿಗಿ ಬೇರೆ, ಕಡಿದಾದ ಏರು ಬೇರೆ

ದಿಕ್ಕು ಗೊತ್ತಾದ ಮೇಲೆ ಬಿಗಿ. ಚುಕ್ಕಿಗಳ ಗುಂಪಿನ ನಡುವೆ ಒಂದು ನೇರ ಗೆರೆ ಕಲ್ಪಿಸಿಕೊಳ್ಳಿ. ಚುಕ್ಕಿಗಳು ಆ ಗೆರೆಗೆ ಅಂಟಿಕೊಂಡಂತಿದ್ದರೆ ಪ್ರಬಲ ಸಹಸಂಬಂಧ. ಆಚೆ ಈಚೆ ಚದುರಿದ್ದರೂ ಒಟ್ಟಾರೆ ಓಟ ಕಾಣುತ್ತಿದ್ದರೆ ಸಾಧಾರಣ. ಕಣ್ಣು ಕಿರಿದು ಮಾಡಿ ನೋಡಿದರಷ್ಟೇ ಓಟ ಕಾಣುತ್ತದೆ ಅಂದರೆ ದುರ್ಬಲ.

ಇಲ್ಲಿ ಬಹಳಷ್ಟು ಜನ ಎಡವುತ್ತಾರೆ. ಗೆರೆ ಕಡಿದಾಗಿ ಏರಿದರೆ ಸಂಬಂಧ ಗಟ್ಟಿ ಅಂದುಕೊಳ್ಳುತ್ತಾರೆ. ಹಾಗಲ್ಲ. ಕಬ್ಬಿನ ಎಫ್‌ಆರ್‌ಪಿಯನ್ನೇ ನೋಡಿ, ಅಂದರೆ ಕಾರ್ಖಾನೆಗಳು ರೈತರಿಗೆ ಕೊಡಲೇಬೇಕಾದ ಕನಿಷ್ಠ ದರ. 2024-25ರ ಹಂಗಾಮಿಗೆ ಕೇಂದ್ರ ಸರ್ಕಾರ ನಿಗದಿ ಮಾಡಿದ್ದು ಹೀಗೆ: ಸಕ್ಕರೆ ಇಳುವರಿ (ನೂರು ಕೆಜಿ ಕಬ್ಬಿಗೆ ಎಷ್ಟು ಕೆಜಿ ಸಕ್ಕರೆ ಸಿಕ್ಕಿತು) ಶೇ 10.25 ಇದ್ದರೆ ಕ್ವಿಂಟಲ್‌ಗೆ 340 ರೂಪಾಯಿ. ಇಳುವರಿ ಶೇ 0.1ರಷ್ಟು ಏರಿದರೆ 3.32 ರೂಪಾಯಿ ಹೆಚ್ಚು, ಇಳಿದರೆ ಅಷ್ಟೇ ಕಡಿಮೆ. ಶೇ 9.5ಕ್ಕಿಂತ ಕೆಳಗೆ ಹೋದರೂ 315.10 ರೂಪಾಯಿಗಿಂತ ಕಮ್ಮಿ ಇಲ್ಲ. ಒಂದು ಕಾರ್ಖಾನೆಗೆ ಒಂದು ಚುಕ್ಕಿಯಂತೆ ಇದನ್ನು ಬರೆದರೆ, ಶೇ 9.5ರ ಮೇಲಿನ ಎಲ್ಲ ಚುಕ್ಕಿಗಳೂ ದಾರ ಹಿಡಿದು ಇಟ್ಟಂತೆ ಒಂದೇ ಗೆರೆಯ ಮೇಲೆ ಕೂರುತ್ತವೆ. ಅದು ಪರಿಪೂರ್ಣ ಧನಾತ್ಮಕ ಸಹಸಂಬಂಧ. ಸರ್ಕಾರ ಆ 3.32ರ ಬದಲು 33 ರೂಪಾಯಿ ಕೊಡುತ್ತೇನೆ ಅಂದರೆ ರೈತರಿಗೆ ಹಬ್ಬ, ಗೆರೆಯೂ ಹತ್ತು ಪಟ್ಟು ಕಡಿದಾಗುತ್ತದೆ. ಸಹಸಂಬಂಧ ಮಾತ್ರ ಒಂದು ಕೂದಲಷ್ಟೂ ಬದಲಾಗುವುದಿಲ್ಲ. ಮೊದಲೇ ಪೂರ್ತಿ ಇತ್ತಲ್ವಾ?

ನಿಜ ಜೀವನದ ಅಂಕಿಗಳಲ್ಲಿ ಹೀಗೆ ಪೂರ್ತಿ ಗೆರೆ ಕಂಡರೆ ಸ್ವಲ್ಪ ಅನುಮಾನ ಪಡಿ. ಒಂದೋ ಅದು ಯಾರೋ ಮಾಡಿದ ನಿಯಮ, ಇಲ್ಲವೇ ಒಂದೇ ವಿಷಯವನ್ನು ಎರಡು ಅಳತೆಯಲ್ಲಿ ಬರೆದಿದ್ದಾರೆ. ಗದ್ದೆಯಿಂದ ಬರುವ ಅಂಕಿ ಇಷ್ಟು ಶಿಸ್ತಾಗಿ ಇರುವುದಿಲ್ಲ.

ಹಾಳೆಯ ಅಳತೆಯೂ ಕಣ್ಣಿಗೆ ಮೋಸ ಮಾಡುತ್ತದೆ. ಅದೇ ಚುಕ್ಕಿಗಳನ್ನು ನಿಂತ ಗೆರೆ ಕುಗ್ಗಿಸಿ ಬರೆದರೆ ಬಿಗಿಯಾಗಿ ಕಾಣುತ್ತವೆ, ಹಿಗ್ಗಿಸಿದರೆ ಚದುರಿದಂತೆ ಕಾಣುತ್ತವೆ. ಕಣ್ಣಿನ ಜೊತೆಗೆ ಒಂದು ಅಂಕಿಯೂ ಬೇಕು ಅನ್ನುವುದು ಇದೇ ಕಾರಣಕ್ಕೆ.

ಆರ್ ಅನ್ನುವ ಅಂಕಿ ಎಲ್ಲಿಂದ ಬಂತು

1880ರ ದಶಕದಲ್ಲಿ ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್ ಅಪ್ಪ ಅಮ್ಮನ ಎತ್ತರಕ್ಕೂ ಮಕ್ಕಳ ಎತ್ತರಕ್ಕೂ ಏನು ನಂಟು ಎಂದು ಅಳೆಯಲು ಹೊರಟರು. ಇವರು ಚಾರ್ಲ್ಸ್ ಡಾರ್ವಿನ್ನರ ಸಂಬಂಧಿಕರೂ ಹೌದು. ಸಹಸಂಬಂಧ ಎಂಬ ಯೋಚನೆ 1888ರಲ್ಲಿ ಅವರಿಂದ ಬಂತು. ಮುಂದಿನ ದಶಕದಲ್ಲಿ ಕಾರ್ಲ್ ಪಿಯರ್ಸನ್ ಅದಕ್ಕೆ ಇಂದಿನ ಸೂತ್ರದ ರೂಪ ಕೊಟ್ಟರು. ಉತ್ತರ ಯಾವಾಗಲೂ -1ರಿಂದ +1ರ ಒಳಗೆ.

ಸೂತ್ರ ನೋಡಿದರೆ ಹೆದರಿಕೆಯಾಗುತ್ತದೆ, ಒಳಗಿರುವ ಯೋಚನೆ ಸರಳ. ಅಡ್ಡ ಗೆರೆಯ ಅಂಕಿಗಳ ಸರಾಸರಿ ಕಂಡುಹಿಡಿದು ಅಲ್ಲಿ ಒಂದು ನಿಂತ ಗೀಟು ಎಳೆಯಿರಿ. ನಿಂತ ಗೆರೆಯ ಅಂಕಿಗಳ ಸರಾಸರಿಯಲ್ಲಿ ಒಂದು ಅಡ್ಡ ಗೀಟು. ಈಗ ಹಾಳೆ ನಾಲ್ಕು ಕೋಣೆಯಾಯಿತು. ಮೇಲಿನ ಬಲ ಕೋಣೆಯ ಚುಕ್ಕಿಗಳು ಎರಡರಲ್ಲೂ ಸರಾಸರಿಗಿಂತ ಮುಂದೆ. ಕೆಳಗಿನ ಎಡ ಕೋಣೆಯವು ಎರಡರಲ್ಲೂ ಹಿಂದೆ. ಈ ಎರಡು ಕೋಣೆಯ ಚುಕ್ಕಿಗಳು ಧನ ಅಂಕ ತರುತ್ತವೆ. ಉಳಿದೆರಡು ಕೋಣೆಯವು ಒಂದರಲ್ಲಿ ಮುಂದೆ, ಇನ್ನೊಂದರಲ್ಲಿ ಹಿಂದೆ. ಅವು ಋಣ ಅಂಕ ತರುತ್ತವೆ. ಸರಾಸರಿಯಿಂದ ದೂರ ಇರುವ ಚುಕ್ಕಿಗೆ ಜಾಸ್ತಿ ತೂಕ. ಎಲ್ಲ ಕೂಡಿಸಿ, ಅಂಕಿಗಳು ಎಷ್ಟು ಹರಡಿವೆ ಎಂಬ ಅಳತೆಯಿಂದ ಭಾಗಿಸಿದರೆ ಆರ್ ಸಿಗುತ್ತದೆ. ಒಂದು ಪಕ್ಷದ ಚುಕ್ಕಿಗಳು ಗೆದ್ದರೆ ಧನ, ಇನ್ನೊಂದು ಪಕ್ಷ ಗೆದ್ದರೆ ಋಣ, ಸಮಬಲವಾದರೆ ಸೊನ್ನೆ.

ಧನ, ಋಣ ಚಿಹ್ನೆ ಬಿಟ್ಟು ನೋಡಿದಾಗ 0.7ರ ಮೇಲೆ ಪ್ರಬಲ, 0.3ರ ಕೆಳಗೆ ದುರ್ಬಲ ಎಂದು ಗೈಡ್‌ಗಳಲ್ಲಿ ಒಂದು ಪಟ್ಟಿ ಇರುತ್ತದೆ. ಪರೀಕ್ಷೆಗೆ ಸಾಕು, ಆದರೆ ಅದನ್ನು ಕಾನೂನಿನಂತೆ ನೋಡಬೇಡಿ. ಸ್ಪ್ರಿಂಗ್‌ಗೆ ತೂಕ ಹಾಕಿ ಎಷ್ಟು ಎಳೆಯಿತು ಅಂತ ಅಳೆದಾಗ 0.9 ಬಂದರೆ ಪ್ರಯೋಗದಲ್ಲಿ ಏನೋ ತಪ್ಪಾಗಿದೆ. ಮಕ್ಕಳು ಓದುವ ಹೊತ್ತಿಗೂ ಅವರ ಅಂಕಕ್ಕೂ 0.5 ಬಂದರೆ ಅದು ದೊಡ್ಡ ಸುದ್ದಿ.

ನೇರ ಗೆರೆ ಮಾತ್ರ ಗೊತ್ತಿರುವ ಅಂಕಿ

ಆರ್‌ಗೆ ಒಂದು ಕುರುಡಿದೆ. ಅದಕ್ಕೆ ಕಾಣುವುದು ನೇರ ಗೆರೆ ಮಾತ್ರ. ಯೂರಿಯಾದ ಮಾತಿಗೆ ಬರೋಣ. ಲೆಕ್ಕ ತೋರಿಸಲು ನಾನೇ ಹಾಕಿದ ಅಂಕಿಗಳಿವು: ಎಕರೆಗೆ 1, 2, 3, 4, 5 ಮೂಟೆ ಯೂರಿಯಾ ಹಾಕಿದ ಐದು ಗದ್ದೆಗಳಲ್ಲಿ ಬಂದ ಭತ್ತ 14, 20, 22, 20, 14 ಕ್ವಿಂಟಲ್. ಆರ್ ಲೆಕ್ಕ ಹಾಕಿ ನೋಡಿ, ಸರಿಯಾಗಿ ಸೊನ್ನೆ ಬರುತ್ತದೆ. ಹಾಗಾದರೆ ಯೂರಿಯಾಗೂ ಭತ್ತಕ್ಕೂ ಸಂಬಂಧವೇ ಇಲ್ಲವಾ? ಯಾವ ರೈತನೂ ಒಪ್ಪುವುದಿಲ್ಲ. ಚಿತ್ರದಲ್ಲಿ ಚುಕ್ಕಿಗಳು ಹತ್ತಿ ಇಳಿಯುವ ಕಮಾನಿನಂತೆ ನಿಂತಿರುತ್ತವೆ. ಒಂದು ಹದದವರೆಗೆ ಸಾರಜನಕ ಪೈರಿಗೆ ಬಲ. ಹದ ಮೀರಿದರೆ ಪೈರು ಉದ್ದ ಬೆಳೆದು ಮಲಗುತ್ತದೆ, ಬೆಂಕಿ ರೋಗ, ಜಿಗಿಹುಳು ಬೀಳುತ್ತವೆ. ಸಂಬಂಧ ಗಟ್ಟಿಯಾಗಿಯೇ ಇದೆ, ನೇರವಾಗಿಲ್ಲ ಅಷ್ಟೆ. ಏರುವ ಅರ್ಧ ಇಳಿಯುವ ಅರ್ಧವನ್ನು ತಿಂದು ಹಾಕಿ ಸೊನ್ನೆ ಉಳಿಯಿತು. ಇಂಥದ್ದಕ್ಕೆ ರೇಖೀಯವಲ್ಲದ ಸಂಬಂಧ ಅನ್ನುತ್ತಾರೆ. ಪರೀಕ್ಷೆಯಲ್ಲಿ ಈ ಚಿತ್ರ ಕೊಟ್ಟರೆ "ಸಂಬಂಧ ಇಲ್ಲ" ಎಂದು ಬರೆಯಬೇಡಿ. "ರೇಖೀಯ ಸಹಸಂಬಂಧ ಇಲ್ಲ, ಬಾಗಿದ ಸಂಬಂಧ ಇದೆ" ಎಂದು ಬರೆಯಿರಿ.

ಉಲ್ಟಾ ಕೂಡ ಆಗುತ್ತದೆ. ಆರ್ ದೊಡ್ಡದಾಗಿ ಬಂದ ಮಾತ್ರಕ್ಕೆ ಆಕಾರ ನೇರ ಅಂತ ಅಲ್ಲ. ಕೆಆರ್‌ಎಸ್ ಜಲಾಶಯದ ಪೂರ್ಣ ಮಟ್ಟ 124.80 ಅಡಿ, ಆಗ ಸಂಗ್ರಹ 49.45 ಟಿಎಂಸಿ. ಮಟ್ಟ ಅಡ್ಡ ಗೆರೆಗೆ, ಸಂಗ್ರಹ ನಿಂತ ಗೆರೆಗೆ ಹಾಕಿದರೆ ಚುಕ್ಕಿಗಳು ಏರುತ್ತಾ ಹೋಗುತ್ತವೆ, ಒಂದೂ ಆಚೀಚೆ ಹೋಗುವುದಿಲ್ಲ. ಆರ್ ಒಂದರ ಹತ್ತಿರವೇ ಬರುತ್ತದೆ. ಆದರೆ ಗೆರೆ ನೇರ ಇಲ್ಲ, ಮೇಲೆ ಹೋದಂತೆ ಕಡಿದಾಗುತ್ತದೆ. ನದಿ ಕಣಿವೆ ತಳದಲ್ಲಿ ಕಿರಿದು, ಮೇಲೆ ಅಗಲ. ತಳದಲ್ಲಿ ಒಂದು ಅಡಿ ತುಂಬಲು ಕಡಿಮೆ ನೀರು ಸಾಕು, ಮೇಲಿನ ಒಂದು ಅಡಿಗೆ ತುಂಬಾ ನೀರು ಬೇಕು. ನೂರು ಅಡಿ ದಾಟಿತು ಅಂದಾಗ ಮುಕ್ಕಾಲು ತುಂಬಿತು ಎಂದು ಖುಷಿಪಡುವವರಿದ್ದಾರೆ. ಲೆಕ್ಕದಲ್ಲಿ ಆಗ ಇರುವುದು ಸುಮಾರು 23 ಟಿಎಂಸಿ, ಅಂದರೆ ಅರ್ಧಕ್ಕೂ ಕಮ್ಮಿ. ನಾಲೆಗೆ ಎಷ್ಟು ದಿನ ನೀರು ಬಿಡಬಹುದು ಅನ್ನುವ ಪ್ರಶ್ನೆಗೆ ಈ ಬಾಗು ಬಹಳ ಮುಖ್ಯ.

1973ರಲ್ಲಿ ಫ್ರಾನ್ಸಿಸ್ ಆನ್‌ಸ್ಕೂಂಬ್ ಎಂಬ ಸಂಖ್ಯಾಶಾಸ್ತ್ರಜ್ಞ ಇದನ್ನು ಚೆನ್ನಾಗಿ ತೋರಿಸಿಕೊಟ್ಟರು. ಹನ್ನೊಂದು ಹನ್ನೊಂದು ಚುಕ್ಕಿಗಳ ನಾಲ್ಕು ಗುಂಪು ಮಾಡಿದರು. ನಾಲ್ಕಕ್ಕೂ ಸರಾಸರಿ ಒಂದೇ, ಆರ್ ಕೂಡ ಒಂದೇ, ಸುಮಾರು 0.816. ಚಿತ್ರ ಬರೆದರೆ ಒಂದು ಸಾಮಾನ್ಯ ಏರು, ಒಂದು ಬಾಗಿದ ಕಮಾನು, ಒಂದರಲ್ಲಿ ನೇರ ಗೆರೆಯ ಜೊತೆ ದಾರಿ ತಪ್ಪಿದ ಒಂದು ಚುಕ್ಕಿ. ನಾಲ್ಕನೆಯದರಲ್ಲಿ ಹತ್ತು ಚುಕ್ಕಿಗಳು ಒಂದರ ಮೇಲೊಂದು ನಿಂತಿವೆ, ಒಂದೇ ಒಂದು ದೂರದಲ್ಲಿದೆ.

ಒಬ್ಬನೇ ಇಡೀ ಊರಿನ ಲೆಕ್ಕ ಕೆಡಿಸಬಲ್ಲ

ಆ ದೂರದ ಚುಕ್ಕಿಯ ಕಥೆ ಸ್ವಲ್ಪ ನೋಡೋಣ. ಮಂಡ್ಯದಲ್ಲಿ ಮನೆ ಅಂದಮೇಲೆ ಹಸು ಇರಬೇಕು. ನಾಲ್ಕು ಮನೆ ಊಹಿಸಿಕೊಳ್ಳಿ. ಒಂದು ಎಕರೆ ಇರುವವರು ಇಬ್ಬರು, ಒಬ್ಬರಿಗೆ ಒಂದು ಹಸು, ಇನ್ನೊಬ್ಬರಿಗೆ ಎರಡು. ಎರಡು ಎಕರೆ ಇರುವವರೂ ಇಬ್ಬರು, ಅಲ್ಲೂ ಒಂದು ಹಸು, ಎರಡು ಹಸು. ಜಮೀನಿಗೂ ಹಸುವಿಗೂ ಆರ್ ಸೊನ್ನೆ. ಈಗ ಹತ್ತು ಎಕರೆ, ಹತ್ತು ಹಸು ಇರುವ ಒಬ್ಬ ದೊಡ್ಡ ರೈತನನ್ನು ಪಟ್ಟಿಗೆ ಸೇರಿಸಿ. ಆರ್ ಒಮ್ಮೆಗೇ 0.98ಕ್ಕೆ ಹಾರುತ್ತದೆ! ಜಮೀನು ಜಾಸ್ತಿ ಇದ್ದಷ್ಟೂ ಹಸು ಜಾಸ್ತಿ ಎಂದು ವರದಿಯಲ್ಲಿ ಬರೆದುಬಿಡಬಹುದು. ನಾಲ್ಕು ಮನೆಯವರಿಗೆ ಅದು ಅನ್ವಯಿಸುವುದೇ ಇಲ್ಲ.

ಹೀಗೆ ಗುಂಪು ಬಿಟ್ಟು ನಿಲ್ಲುವ ಚುಕ್ಕಿಗೆ ಔಟ್‌ಲೈಯರ್ ಅನ್ನುತ್ತಾರೆ. ಕಂಡ ಕೂಡಲೇ ಅಳಿಸಿ ಹಾಕುವುದೂ ತಪ್ಪು. ಮೊದಲು ಅದು ಯಾಕೆ ಅಲ್ಲಿದೆ ಅಂತ ಕೇಳಬೇಕು. ಟೈಪ್ ಮಾಡುವಾಗ ಒಂದು ಸೊನ್ನೆ ಜಾಸ್ತಿ ಬಿದ್ದಿದ್ದರೆ ತಿದ್ದಿ. ನಿಜವಾದ ರೈತನೇ ಆಗಿದ್ದರೆ ಅವನನ್ನು ಸೇರಿಸಿ ಒಮ್ಮೆ, ಬಿಟ್ಟು ಒಮ್ಮೆ ಲೆಕ್ಕ ಹಾಕಿ, ಎರಡನ್ನೂ ಹೇಳಿ.

ನಾಲೆಯ ತಲೆ, ನಾಲೆಯ ಕೊನೆ

ನನಗೆ ತುಂಬಾ ಇಷ್ಟವಾದ, ಪಠ್ಯಪುಸ್ತಕಗಳು ಸಾಮಾನ್ಯವಾಗಿ ಬಿಟ್ಟುಬಿಡುವ ಜಾಗ ಇದು. ವಿಶ್ವೇಶ್ವರಯ್ಯ ನಾಲೆಯ ನೀರು ಮೊದಲು ಸಿಗುವ ಊರುಗಳ ರೈತರಿಗೆ ಬೋರ್‌ವೆಲ್ ಖರ್ಚು ಕಡಿಮೆ. ಮದ್ದೂರು, ಮಳವಳ್ಳಿ ಕಡೆಯ ಕೊನೆಭಾಗದ ರೈತರಿಗೆ ನಾಲೆ ನೀರು ತಲುಪುವುದೇ ಕಷ್ಟ. ಬೋರ್‌ವೆಲ್ಲೇ ಗತಿ. ಇಲ್ಲೂ ಅಂಕಿಗಳು ನನ್ನವೇ. ತಲೆಭಾಗದ ಮೂವರು ಬೋರ್‌ವೆಲ್‌ಗೆ ಎಕರೆಗೆ 2, 4, 6 ಸಾವಿರ ಖರ್ಚು ಮಾಡಿ 50, 52, 54 ಟನ್ ಕಬ್ಬು ಬೆಳೆದರು. ಕೊನೆಭಾಗದ ಮೂವರು 12, 14, 16 ಸಾವಿರ ಸುರಿದು 34, 36, 38 ಟನ್ ಬೆಳೆದರು.

ಆರೂ ಚುಕ್ಕಿ ಒಟ್ಟಿಗೆ ಇಟ್ಟರೆ ಆರ್ -0.87. ಪ್ರಬಲ ಋಣಾತ್ಮಕ. ಬೋರ್‌ವೆಲ್‌ಗೆ ಖರ್ಚು ಮಾಡಿದಷ್ಟೂ ಕಬ್ಬು ಕಮ್ಮಿ ಅಂತ ಅರ್ಥ ಮಾಡಿಕೊಂಡು ಯಾರಾದರೂ ಅಧಿಕಾರಿ "ಸುಮ್ನೆ ದುಡ್ಡು ಹಾಳು" ಅಂದುಬಿಟ್ಟರೆ? ಈಗ ತಲೆಭಾಗದ ಚುಕ್ಕಿಗಳಿಗೆ ಕೆಂಪು, ಕೊನೆಭಾಗಕ್ಕೆ ನೀಲಿ ಬಣ್ಣ ಹಾಕಿ. ಕೆಂಪು ಚುಕ್ಕಿಗಳು ಏರುತ್ತಿವೆ. ನೀಲಿ ಚುಕ್ಕಿಗಳೂ ಏರುತ್ತಿವೆ. ಎರಡರಲ್ಲೂ ಆರ್ ಸರಿಯಾಗಿ +1. ಪ್ರತಿ ಗುಂಪಿನಲ್ಲೂ ನೀರಿಗೆ ಖರ್ಚು ಮಾಡಿದವನಿಗೆ ಬೆಳೆ ಜಾಸ್ತಿಯೇ ಬಂದಿದೆ. ಗುಂಪು ಕಲಸಿದ್ದರಿಂದ ದಿಕ್ಕೇ ತಿರುಗಿತು. ಸಿಂಪ್ಸನ್ ವಿರೋಧಾಭಾಸ ಎಂದು ಇದಕ್ಕೆ ಹೆಸರು. ಯಾರದೋ ಚಿತ್ರದಲ್ಲಿ ಚುಕ್ಕಿಗಳು ಎರಡು ಮೂರು ದ್ವೀಪಗಳಾಗಿ ಕಂಡರೆ ಮೊದಲ ಪ್ರಶ್ನೆ ಇದೇ ಆಗಿರಲಿ: ಈ ದ್ವೀಪಗಳಲ್ಲಿ ಯಾರ್ಯಾರು ಇದ್ದಾರೆ?

ಕೆಆರ್‌ಎಸ್ ಒಳಹರಿವು, ಹೊರಹರಿವಿನ ಚಿತ್ರವೂ ಹೀಗೇ ಎರಡು ತುಂಡಾಗಿರುತ್ತದೆ. ಅಣೆಕಟ್ಟು ತುಂಬುವ ತನಕ ಎಷ್ಟೇ ನೀರು ಬಂದರೂ ಹೊರಗೆ ಬಿಡುವುದು ಸ್ವಲ್ಪವೇ, ಚುಕ್ಕಿಗಳು ಕೆಳಗೆ ಚಪ್ಪಟೆಯಾಗಿ ಬಿದ್ದಿರುತ್ತವೆ. ತುಂಬಿದ ಮೇಲೆ ಬಂದಷ್ಟನ್ನೂ ಬಿಡಲೇಬೇಕು, ಚುಕ್ಕಿಗಳು ಓರೆಯಾಗಿ ಮೇಲೆ ಓಡುತ್ತವೆ. ಇಡೀ ಚಿತ್ರಕ್ಕೆ ಒಂದೇ ಆರ್ ಕೊಟ್ಟರೆ ಅದು ಎರಡು ತುಂಡಿಗೂ ಸಲ್ಲದ ಅಂಕಿ.

ಜೊತೆಗೆ ಏರಿದರೆ ಒಂದು ಇನ್ನೊಂದಕ್ಕೆ ಕಾರಣವಾ?

ದಸರಾ ಹತ್ತಿರ ಬಂದಂತೆ ಮೈಸೂರಿನಲ್ಲಿ ಲಾಡ್ಜ್ ಬಾಡಿಗೆ ಏರುತ್ತದೆ, ಚೆಂಡುಹೂವಿನ ಬೆಲೆಯೂ ಏರುತ್ತದೆ. ಹೂವಿನ ಅಂಗಡಿಯವರು ಲಾಡ್ಜ್ ಬಾಡಿಗೆ ಏರಿಸಿದರು ಎಂದು ಯಾರೂ ಹೇಳುವುದಿಲ್ಲ, ಎರಡನ್ನೂ ಏರಿಸಿದ್ದು ಹಬ್ಬ ಅಂತ ಎಲ್ಲರಿಗೂ ಗೊತ್ತು. ಹಬ್ಬ ಕಣ್ಣಿಗೆ ಕಾಣದ ಕಡೆ ಮಾತ್ರ ಮೋಸ ಹೋಗುತ್ತೇವೆ. ಚುಕ್ಕಿಗಳು ಜೊತೆ ಜೊತೆಗೆ ನಡೆಯುವುದನ್ನು ತೋರಿಸುತ್ತವೆ, ಯಾರು ಯಾರನ್ನು ನಡೆಸಿದರು ಎಂಬುದನ್ನು ತೋರಿಸುವುದಿಲ್ಲ.

ಇನ್ನೊಂದು ಕಡೆ, ಕಾರಣ ಖಂಡಿತ ಇದ್ದರೂ ಚಿತ್ರದಲ್ಲಿ ಕಾಣದೆ ಹೋಗಬಹುದು. ಮಂಡ್ಯದಲ್ಲಿ ಬಿದ್ದ ದಿನದ ಮಳೆಗೂ ಕೆಆರ್‌ಎಸ್ ಒಳಹರಿವಿಗೂ ಚಿತ್ರ ಬರೆದರೆ ಹೇಳಿಕೊಳ್ಳುವಂಥದ್ದೇನೂ ಸಿಗುವುದಿಲ್ಲ. ಮಂಡ್ಯಕ್ಕೆ ವರ್ಷವಿಡೀ ಬೀಳುವುದು ಸುಮಾರು 700 ಮಿಲಿಮೀಟರ್. ಅಣೆಕಟ್ಟು ತುಂಬಿಸುವುದು ಕೊಡಗಿನ ಮಳೆ, ಮಡಿಕೇರಿಯಲ್ಲಿ ಅದು 3000 ಮಿಲಿಮೀಟರ್ ದಾಟುತ್ತದೆ. ಸರಿ, ಮಡಿಕೇರಿಯ ಮಳೆಯನ್ನೇ ಹಾಕಿದಿರಿ. ಆದರೂ ಚುಕ್ಕಿಗಳು ಅಂದುಕೊಂಡಷ್ಟು ಬಿಗಿಯಾಗಿರುವುದಿಲ್ಲ. ಇಂದು ಭಾಗಮಂಡಲದಲ್ಲಿ ಬಿದ್ದ ನೀರು ಇಂದೇ ಕನ್ನಂಬಾಡಿಗೆ, ಅಂದರೆ ಕೆಆರ್‌ಎಸ್‌ಗೆ, ಬರಲು ಸಾಧ್ಯವಾ? ದಾರಿಯಲ್ಲಿ ಹೊತ್ತು ಹಿಡಿಯುತ್ತದೆ. ಆದ್ದರಿಂದ ಇಂದಿನ ಮಳೆಗೆ ನಾಳೆಯ ಒಳಹರಿವನ್ನು ಜೋಡಿಸಿ ಒಂದು ಚಿತ್ರ, ನಾಡಿದ್ದಿನದನ್ನು ಜೋಡಿಸಿ ಇನ್ನೊಂದು. ಯಾವುದರಲ್ಲಿ ಚುಕ್ಕಿಗಳು ಹೆಚ್ಚು ಬಿಗಿಯಾದವೋ, ನೀರು ಬರಲು ಅಷ್ಟು ಹೊತ್ತು ಬೇಕು ಎಂದು ಅಂದಾಜು ಮಾಡಬಹುದು.

ಆ ಚಿತ್ರದಲ್ಲೂ ತಿಂಗಳಿಗೊಂದು ಬಣ್ಣ ಹಾಕಿ ನೋಡಿ. ಅಷ್ಟೇ ಮಳೆಗೆ ಜೂನ್ ಚುಕ್ಕಿಗಳು ಕೆಳಗೆ, ಆಗಸ್ಟ್ ಚುಕ್ಕಿಗಳು ಮೇಲೆ ನಿಲ್ಲುವ ಸಾಧ್ಯತೆ ಹೆಚ್ಚು. ಜೂನ್‌ನಲ್ಲಿ ಒಣಗಿದ ನೆಲ ಮೊದಲ ಮಳೆಯನ್ನು ಕುಡಿಯುತ್ತದೆ. ಹಾರಂಗಿ, ಗೊರೂರಿನ ಹೇಮಾವತಿ ಅಣೆಕಟ್ಟುಗಳೂ ತಮ್ಮ ಪಾಲು ತುಂಬಿಕೊಳ್ಳುತ್ತವೆ. ಅವು ತುಂಬಿದ ಮೇಲೆ ಬಿದ್ದ ಮಳೆಗೆ ತಡೆ ಇಲ್ಲ, ನೇರ ಕನ್ನಂಬಾಡಿಗೆ.